ಭಂಡಾರ ನುಂಗಿದ ಗಾಡಿ

ಏನ್ರೀ,

ನಾನೂ ಅತ್ತಿಯವರೂ ನಿಮ್ಮ ತಂಗಿ ಕೂಸಿನ ತೊಟ್ಟಲ ಕಾರ್ಯಕ್ಕ ತೇರಗಾಂವಕ್ಕ ಬಸ್ಸಿಗೇ ಹೊಂಟೇವಿ. ಕಾರು ಚಾಲೂ ಆಗಲಿಲ್ಲ. ಪಾಳಿ ಮುಗಿಸಿ ಬಂದು ಮಲಗೀರಿ ಅಂತ ಎಬ್ಬಿಸಲಿಲ್ಲ.

ಇಂಜಿನಿಗೆ ತಂಪು ಗಾಳಿ ಸಿಕ್ಕರ ಗಾಡಿ ಹಾರತೈತಿ ಅಂದ್ರಿ. ಕೈ ಹೋಗದ ಬಾನೆಟ್ಟಿನೊಳಗ ಆನಿ ಸೊಂಡಿಲಿನಂಥಾ ಪೈಪು ತುರುಕಿದ್ರಿ. ಜಾಗಾ ಸಾಲವಲ್ದು ಅಂತ ಹಾರ್ನ್ ಬಿಚ್ಚಿದ್ರಿ, ಮುಂದಿನ ಗಾಜಿಗೆ ನೀರು ಹೊಡಿಯೂ ಡಬ್ಬಿ ಬಿಚ್ಚಿದ್ರಿ. ಇನ್ನೊಂದೀಟು ಜಾಗಾ ಬೇಕಾಗಿದ್ರ ಇಂಜಿನ್ನೂ ಬಿಚ್ಚಿ ಕಟ್ಟಿ ಮ್ಯಾಲೆ ಇಡ್ತಿದ್ರೇನೋ!

ಹೊಸಾ ಸಾಮಾನು ಅಂತ ಅತ್ತಿಯವರ ಕಡೆ ಪೂಜಿ ಬ್ಯಾರೆ ಮಾಡಿಸಿದ್ರಿ. ಅವರು ಆ ಪೈಪಿನ ತುದಿಗಿರೂ ಮುಚ್ಚಳಿಲ್ಲದ ಗಾಳಿ ಫಿಲ್ಟರಿನ ಮ್ಯಾಲೆ ಹಿಡಿ ತುಂಬ ಭಂಡಾರ ಹಾರಿಸಿದ್ರು, ನೀವು ಕೈ ಮುಗಿದು ಗಾಡಿ ಚಾಲೂ ಮಾಡಿದ್ರಿ. ಅದು ಅಷ್ಟೂ ಅರಿಷಿಣ ಒಳಗ ಎಳಕೊಂಡು ಕೆಮ್ಮಿ ಕೆಮ್ಮಿ ಮಲಗೈತಿ. ಹಾರೂದು ಅಂದ್ರ ಇದೇ ಇರಬೇಕು.

ರೊಟ್ಟಿ ಡಬ್ಬಿಯೊಳಗ ಅದಾವು. ಬ್ಯಾಳಿಗೆ ಒಗ್ಗರಣಿ ನೀವೇ ಹಾಕ್ಕೋರಿ. ಮೆಣಸಿನಕಾಯಿ ಘಾಟಿಗೆ ನಿಮಗೂ ಗಾಡಿಹಂಗ ಕೆಮ್ಮು ಬಂದ್ರ ಹೆದರಬ್ಯಾಡ್ರಿ. ಆ ಅಡಗಿಮನಿಯೊಳಗ ಗಾಳಿ ಆಡೂದಿಲ್ಲ. ನನಗ ರೂಢಿ ಆಗೈತಿ.

ಸಂಜಿಗೆ ನಮ್ಮನ್ನ ಕರಕೊಂಡು ಬರಾಕ ಗಾಡಿ ಬೇಕು. ಹಳೇ ಫಿಲ್ಟರ್ ಮೊದಲಿನಂಗ ಕೂಡಸ್ರಿ. ನಟ್ಟು ಬಿಚ್ಚೂ ಹತ್ತು ನಂಬರಿನ ಪಾನಾ ಮನಿ ತುಂಬ ಹುಡುಕಬ್ಯಾಡ್ರಿ. ಅಡಗಿಮನಿಗೆ ಅಂತ ದಸರಾಕ್ಕ ತಂದ ಎಕ್ಸಾಸ್ಟ್ ಫ್ಯಾನು ಇನ್ನೂ ಅಟ್ಟದ ಮ್ಯಾಲೆ ಕುಂತೈತಲ್ಲ, ಅದರ ಡಬ್ಬಿಯೊಳಗ ಇಟ್ಟೇನಿ.

ಸ್ವಪ್ನಾ