ಚಂದ್ರನ ಮೇಲೆ ನಿಂತು ಯಾವ ಕಡೆ ಜಿಗಿಯುವುದು?

ಬೂದಿಪೇಟೆ, ಚಂದ್ರ
೫೯೮೮ನೇ ವರ್ಷದ ಇಯ್ಯಾರ್ ತಿಂಗಳು, ಶಬ್ಬಾತ್ ಕಳೆದ ಮರುದಿನ

ಇನ್ನೂರು ವರ್ಷ ಹಿಂದಿರುವ ಓದುಗರಿಗೆ, ತಿರ್ಜಾ ಅಂಕೋಲೇಕರ್ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಯೆಹೂದಿಗಳು ವರ್ಷಗಳನ್ನು ಸೃಷ್ಟಿಯಿಂದ ಎಣಿಸುತ್ತೇವೆ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ೨೨೨೮. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಐದನೇ ವಯಸ್ಸಿಗೆ ಚಂದ್ರನಿಗೆ ಬಂದು, ಅಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಅಲ್ಲಿ ಊಟ ಕನ್ನಡದಲ್ಲಿ, ಪಾಠ ಇಂಗ್ಲಿಷಿನಲ್ಲಿ, ಪ್ರಾರ್ಥನೆ ಹೀಬ್ರೂನಲ್ಲಿ ನಡೆಯುತ್ತಿದ್ದವು. ಟೆನ್ಷನ್ ಆದಾಗ ಮೂರೂ ಒಟ್ಟಿಗೆ ಬಾಯಿಗೆ ಬರುತ್ತವೆ. ಇವತ್ತು ಟೆನ್ಷನ್ ಇಲ್ಲ, ಖುಷಿ ಇದೆ. ಆದರೂ ಹಾಗೇ ಆಗುತ್ತಿದೆ.

ನಾನು ಓದಿದ ಶಾಲೆ ಮರೆಮುಖದಲ್ಲಿತ್ತು. ಚಂದ್ರನ ಯಾವ ಅರ್ಧ ನಿಮಗೆ ಎಂದೂ ಕಾಣುವುದಿಲ್ಲವೋ ಅದಕ್ಕೆ ನಾವು ಹಾಗೆನ್ನುತ್ತೇವೆ. ಅಲ್ಲಿಂದ ಭೂಮಿಯೂ ಕಾಣುವುದಿಲ್ಲ. ಆಕಾಶಕ್ಕೆ ಕಿವಿಗೊಟ್ಟ ದೊಡ್ಡ ದೊಡ್ಡ ರೇಡಿಯೋ ದೂರದರ್ಶಕದ ತಟ್ಟೆಗಳ ನಡುವೆ, ಸದ್ದುಮಾಡದೆ ಬೆಳೆಯುವುದು ನಮ್ಮ ಶಾಲೆಯ ಶಿಸ್ತು. ಅಪ್ಪ ಅಮ್ಮ ಇಬ್ಬರಿಗೂ ಆ ತಟ್ಟೆಗಳನ್ನು ನೋಡಿಕೊಳ್ಳುವ ಕೆಲಸ. ಈ ವರ್ಷ ಕಾಲೇಜಿಗೆಂದು ಬೂದಿಪೇಟೆಗೆ ಬಂದೆ. ಇದು ಈಚೆಮುಖದ ಊರು, ನೆಲದಡಿ ಕೊರೆದದ್ದು. ಎಷ್ಟು ಒರೆಸಿದರೂ ಎಲ್ಲದರ ಮೇಲೂ ಬೂದಿಬಣ್ಣದ ಧೂಳು ಕೂರುವುದರಿಂದ ಆ ಹೆಸರು. ಇಲ್ಲಿ ಎಲ್ಲರೂ ಸೊಂಟಕ್ಕೆ ತೂಕಪಟ್ಟಿ ಕಟ್ಟುತ್ತೇವೆ. ಅದಿಲ್ಲದಿದ್ದರೆ ಅವಸರದಲ್ಲಿ ನಡೆದವರು ಮುಂದಿನವರ ಹೆಗಲ ಮೇಲೆ ಹೋಗಿ ಕೂರುತ್ತಾರೆ. ಊರಿಗೆಲ್ಲ ಸೇರಿ ಒಂದೇ ಒಂದು ಗಾಜಿನ ಹಜಾರ ನೆಲದ ಮೇಲಿದೆ. ಮೊದಲ ದಿನ ಅಲ್ಲಿಗೆ ಹತ್ತಿ ಹೋದಾಗ ಎದುರಿಗೆ ಭೂಮಿ ತೂಗುತ್ತಿತ್ತು. ನೀಲಿ ಅಷ್ಟೊಂದು ಇರುತ್ತದೆಂದು ಯಾರೂ ಹೇಳಿರಲಿಲ್ಲ. ನಾನು ಬ್ಯಾಗು ಕೆಳಗಿಡುವುದನ್ನೇ ಮರೆತು ನಿಂತಿದ್ದೆ.

ಬೂದಿಪೇಟೆಯಲ್ಲಿ ನಮ್ಮವರ ಹತ್ತಿಪ್ಪತ್ತು ಮನೆಗಳಿವೆ. ಹಿಂದೆಂದೋ ಕೊಂಕಣ ಕರಾವಳಿಯಲ್ಲಿ ಎಣ್ಣೆ ಗಾಣ ಆಡಿಸುತ್ತ, ವಿಶ್ರಾಂತಿಯ ಶಬ್ಬಾತ್ ದಿನವೆಂದು ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದವರ ಸಂತತಿ. ಮರೆಮುಖದಲ್ಲಿ ಪ್ರಾರ್ಥನೆಗೆ ಬೇಕಾದ ಹತ್ತು ಜನ ಸೇರುತ್ತಲೇ ಇರಲಿಲ್ಲವಾದ್ದರಿಂದ ನನ್ನ ಬಾತ್ ಮಿತ್ಸ್ವಾ ಬಾಕಿ ಉಳಿದಿತ್ತು. ಅಂದರೆ ಹುಡುಗಿಯೊಬ್ಬಳು ಧರ್ಮದ ಹೊಣೆ ತನ್ನದೆಂದು ಎಲ್ಲರೆದುರು ಒಪ್ಪಿಕೊಳ್ಳುವ ದಿನ. ಹೊಣೆಯೇನೋ ವಯಸ್ಸಿನ ಜೊತೆ ತಾನಾಗಿ ಬಂದುಬಿಡುತ್ತದೆ. ಆದರೆ ನಮ್ಮ ಧರ್ಮಗ್ರಂಥವಾದ ತೋರಾ ಓದಿ, ಅದರ ಮೇಲೆ ಸ್ವಂತದ್ದೊಂದು ಮಾತು ಆಡದೆ ನನಗೆ ಸಮಾಧಾನವಿರಲಿಲ್ಲ. ಹಿಮ ಅಗೆಯುವ ಗಣಿಯಲ್ಲಿ ಮೇಸ್ತ್ರಿಯಾಗಿರುವ ಎಝ್ರಾ ಮಾಮಾ ನಮ್ಮ ಪ್ರಾರ್ಥನೆ ನಡೆಸುವ ಹಿರಿಯರು. ಅವರೇ ನನಗೆ ಓದು ಹೇಳಿಕೊಟ್ಟರು. ತಪ್ಪಿದರೂ "ಶಾಬಾಶ್ ಪುಟ್ಟಿ", ಸರಿಯಾದರೂ "ಶಾಬಾಶ್ ಪುಟ್ಟಿ".

ಈಗ ಅಸಲು ವಿಷಯ. ನಮ್ಮಲ್ಲಿ ತಿಂಗಳಿಗೊಮ್ಮೆ, ಚಂದ್ರ ಬೆಳೆಯುತ್ತಿರುವ ದಿನಗಳಲ್ಲಿ, ಬಯಲಲ್ಲಿ ನಿಂತು ಅವನ ಬೆಳಕಿಗಾಗಿ ದೇವರನ್ನು ಸ್ತುತಿಸುವ ಪದ್ಧತಿಯಿದೆ. ಹಾಗೆ ಸ್ತುತಿಸುತ್ತ ಅವನ ಕಡೆಗೆ ಮೂರು ಸಲ ಜಿಗಿಯಬೇಕು. ಎಷ್ಟು ಜಿಗಿದರೂ ನಿನ್ನನ್ನು ಮುಟ್ಟಲಾರೆ ಎಂದು ಹೇಳಬೇಕು. ನೀವೇ ಯೋಚಿಸಿ! ಚಂದ್ರನ ಮೇಲೆಯೇ ಮನೆ ಕಟ್ಟಿಕೊಂಡು ಇದನ್ನು ಹೇಳುವುದು ಹೇಗೆ? ನನ್ನ ರೂಮ್‌ಮೇಟ್ ನಫೀಸಾ ಕೇಳಿ ಮಂಚದಿಂದ ಬೀಳುವಷ್ಟು ನಕ್ಕಳು.

"ಲೇ, ದಿನಾ ಅವನನ್ನೇ ಗುಡಿಸಿ ಒರೆಸಿ ಸಾಕಾಗಿದೆ, ಮುಟ್ಟೋಕಾಗಲ್ಲ ಅಂತೀರಾ?"

ಆಮೇಲೆ ಅವಳೇ ಕಣ್ಣೊರೆಸಿಕೊಂಡು, "ನಗಬಾರದು ಬಿಡು, ನಮ್ ಈದ್‌ಗೂ ಇದೇ ತಲೆನೋವು," ಎಂದಳು.

ನಮ್ಮವರು ಇಷ್ಟು ವರ್ಷ ನೆಲ ನೋಡಿಕೊಂಡು ಮುಜುಗರದಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದರು. ಈ ಸಲ ಎಝ್ರಾ ಮಾಮಾ ಅದನ್ನು ಕೈಬಿಡೋಣ ಎಂದರು. ದೇವರ ಮುಂದೆ ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬುದು ಅವರ ವಾದ. ಶಬ್ಬಾತ್‌ನ ಬೆಳಗಿನ ಪ್ರಾರ್ಥನೆಯ ನಂತರ ಎಲ್ಲರೂ ಸೇರಿ ನಿರ್ಧರಿಸುವುದೆಂದಾಯಿತು. ಅದೇ ಬೆಳಿಗ್ಗೆ ನನ್ನ ಬಾತ್ ಮಿತ್ಸ್ವಾ.

ಕೈಬಿಡುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಕಾರವಾರದಲ್ಲಿ ನಮ್ಮ ಸೆಗುಲಾ ಅಜ್ಜಿ ಇದ್ದಾಳೆ. ಮಂಡಿನೋವು ಇಟ್ಟುಕೊಂಡೂ ಪ್ರತಿ ತಿಂಗಳು ಟೆರೇಸಿಗೆ ಹತ್ತಿ ಜಿಗಿಯುತ್ತಾಳೆ. ಹೋದ ವಾರ ಕಾಲ್ ಮಾಡಿ ವಿಷಯ ಹೇಳಿದೆ. ನಮ್ಮ ಮಾತು ಅಲ್ಲಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ಉಸಿರೆಳೆದು ಬಿಡಬಹುದು.

"ಹನ್ನೆರಡು ವರ್ಷದಿಂದ ನಾ ಜಿಗಿಯೂದು ನಿನ್ನ ಬದಿಗೇ ಮಗಾ," ಎಂದಳು. "ನೀವು ಬಿಡೂದಾರೆ ಬಿಡಿ. ನಾ ಬಿಡೂದಿಲ್ಲ."

ಅಜ್ಜಿಯೊಬ್ಬಳೇ ಜಿಗಿಯುತ್ತಿರಬೇಕೇ? ನಾನು ತಯಾರಿಸಿಟ್ಟಿದ್ದ ಮಾತನ್ನೆಲ್ಲ ಅಳಿಸಿಹಾಕಿದೆ.

ಶಬ್ಬಾತ್ ಬೆಳಿಗ್ಗೆ ಗಾಜಿನ ಹಜಾರ ತುಂಬಿತ್ತು. ನಾನು ಅಜ್ಜಿ ಕಳಿಸಿದ್ದ ಬಿಳಿ ಸೀರೆ ಉಟ್ಟಿದ್ದೆ. ಅದರ ಮೇಲೆ ತೂಕಪಟ್ಟಿ ಕಟ್ಟಿದರೆ ನೀರಿನ ಟ್ಯಾಂಕಿಗೆ ಹಗ್ಗ ಬಿಗಿದಂತೆ ಕಾಣುತ್ತದೆಂದು ನಫೀಸಾ ಅದನ್ನು ಬಿಚ್ಚಿಸಿಬಿಟ್ಟಿದ್ದಳು. ತೋರಾ ಓದುವಾಗ ಎರಡು ಕಡೆ ತಪ್ಪಿದೆ. ತಪ್ಪಿದರೆ ಕೇಳುವವರು ಆಗಲೇ ಗಟ್ಟಿಯಾಗಿ ತಿದ್ದಬೇಕೆಂಬ ರೂಢಿಯಿದೆ. ಇಡೀ ಹಜಾರ ಒಟ್ಟಿಗೆ ತಿದ್ದಿತು. ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಹೆದರಿದ್ದು ಇದಕ್ಕೇ. ಆದರೆ ಅಷ್ಟು ಜನ ನನ್ನ ಜೊತೆಗೇ ಓದುತ್ತಿದ್ದಾರೆಂದು ಗೊತ್ತಾದ ಮೇಲೆ ದನಿ ಗಟ್ಟಿಯಾಯಿತು.

ನಂತರ ನನ್ನ ಮಾತು. ಚಂದ್ರ ನಮ್ಮ ಕಾಲಡಿಗೆ ಬಂದನೆಂದರೆ ದೂರ ಮುಗಿಯಿತೆಂದಲ್ಲ, ಅದು ಜಾಗ ಬದಲಿಸಿತು ಅಷ್ಟೇ ಎಂದೆ. ಈಗ ಮುಟ್ಟಲಾಗದ್ದು ಅಲ್ಲಿದೆ ಎಂದು ಗಾಜಿನಾಚೆಯ ಭೂಮಿಯನ್ನು ತೋರಿಸಿದೆ. ಅದರ ಕಡೆಗೆ ಜಿಗಿಯೋಣ, ಹೀಗೆ, ಎಂದು ಮಾತಿನ ಭರದಲ್ಲಿ ಜಿಗಿದೇಬಿಟ್ಟೆ. ಸೊಂಟದಲ್ಲಿ ಪಟ್ಟಿ ಇರಲಿಲ್ಲ. ತಲೆ ಚಾವಣಿಗೆ ಢಣ್ಣೆಂದಿತು. ಸೀರೆ ಬಲೂನಿನಂತೆ ಉಬ್ಬಿ, ನಾನು ನಿಧಾನವಾಗಿ, ಬಹಳ ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆಯೇ ಇಳಿದೆ. ಹಜಾರವೇ ನಕ್ಕಿತು. ಇದಕ್ಕೆಂದೇ ಮರೆಮುಖದಿಂದ ಬಂದಿದ್ದ ಅಮ್ಮ ಮುಖ ಮುಚ್ಚಿಕೊಂಡರು.

"ಇಷ್ಟು ಎತ್ತರ ಜಿಗಿದರೂ ಮುಟ್ಟಲಿಲ್ಲ," ಎಂದೆ ತಲೆ ಸವರಿಕೊಳ್ಳುತ್ತ. "ಹೇಳಿದ್ದು ಸುಳ್ಳಾಗಲಿಲ್ಲವಲ್ಲ!"

ನಗು ನಿಂತಿತು. ಎಝ್ರಾ ಮಾಮಾ ಎದ್ದರು. ಅವರು ಶಾಬಾಶ್ ಎನ್ನಲಿಲ್ಲ.

"ನಾ ಒಪ್ಪೂದಿಲ್ಲ," ಎಂದರು. "ಪದ್ಧತಿ ಇರೂದು ಬೆಳೆಯೂ ಬೆಳಕಿಗೆ. ಅಲ್ಲಿ ಚಂದ್ರ ತುಂಬೂ ದಿನದಲ್ಲಿ ಇಲ್ಲಿಂದ ಭೂಮಿ ಕರಗ್ತಾ ಇರ್ತದೆ. ಕರಗೂದನ್ನು ಸ್ತುತಿಸೂದು ಹೆಂಗೆ, ತಿರ್ಜಾ ಅಂಕೋಲೇಕರ್?"

ನನ್ನ ಪೂರ್ತಿ ಹೆಸರು! ದೊಡ್ಡವಳೆಂದು ಲೆಕ್ಕಿಸಿ ಯಾರೂ ನನ್ನೊಡನೆ ಹೀಗೆ ವಾದಕ್ಕೆ ನಿಂತಿರಲಿಲ್ಲ. ಒಳಗೆಲ್ಲೋ ಕುಣಿಯಬೇಕೆನಿಸುತ್ತಿತ್ತು. ಇಲ್ಲಿ ಕರಗಿದಷ್ಟೇ ಅಲ್ಲಿ ತುಂಬುತ್ತದೆ ಮಾಮಾ, ಎಂದೆ. ನಮ್ಮ ಭೂಮಿ, ಅವರ ಚಂದ್ರ, ಎರಡನ್ನೂ ಕೂಡಿಸಿ ನೋಡಿದರೆ ಯಾವ ದಿನವೂ ಒಂದು ಪೂರ್ತಿ ದುಂಡು. ನಮ್ಮ ಪಾಲು ಕಡಿಮೆಯಾದಾಗ ಅವರ ಪಾಲಿಗಾಗಿ ಸ್ತುತಿಸಬಾರದೇ?

ಅವರು ಗಡ್ಡ ಕೆರೆದುಕೊಂಡು ಇನ್ನೊಂದು ಪ್ರಶ್ನೆ ಹಾಕಿದರು, ನಾನು ಉತ್ತರಿಸಿದೆ, ಬೇರೆಯವರೂ ಸೇರಿಕೊಂಡರು. ತಟ್ಟೆಯಲ್ಲಿ ಕಾಯ್ದಿದ್ದ ಸಿಹಿ ಅವಲಕ್ಕಿ ಒಣಗಿಹೋಯಿತು. ಕೊನೆಗೆ ಹೆಚ್ಚಿನ ಮಂದಿ ನನ್ನ ಕಡೆ ನಿಂತರು. ಪದ್ಧತಿ ಉಳಿಯಿತು. ಸಂಜೆ ಶಬ್ಬಾತ್ ಮುಗಿದ ಮೇಲೆ, ಕಾರವಾರದ ಗಡಿಯಾರ ನೋಡಿಕೊಂಡು, ಅಜ್ಜಿ ಟೆರೇಸಿಗೆ ಹತ್ತುವ ಹೊತ್ತಿಗೇ, ಎಲ್ಲರೂ ಪಟ್ಟಿ ಬಿಗಿದುಕೊಂಡು ಭೂಮಿಯ ಕಡೆಗೆ ಜಿಗಿದೆವು. ಒಪ್ಪದ ಎಝ್ರಾ ಮಾಮಾ ಮುಖ ಗಂಟಿಕ್ಕಿಕೊಂಡೇ ಎಲ್ಲರಿಗಿಂತ ಚೆನ್ನಾಗಿ ಜಿಗಿದರು. ಹೊರಡುವಾಗ ನನ್ನ ಹತ್ತಿರ ನಿಂತು, "ಮುಂದಿನ ತಿಂಗಳು ಮತ್ತೆ ಕೇಳ್ತೆ. ಕರಗೂ ಬೆಳಕಿನ ವಿಷಯ ಮುಗೀಲಿಲ್ಲ. ತಯಾರಾಗಿ ಬಾ," ಎಂದರು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಚಂದ್ರನಲ್ಲಿ ಯಾರೂ ಇಲ್ಲದ ಕಾಲದಲ್ಲಿ ಅವನನ್ನು ನೋಡುವ ಕೊನೆಯವರು ನೀವೇ ಇರಬಹುದು. ಅವನು ತುಂಬುವಾಗ ನಿಮಗೆ ಏನನಿಸುತ್ತದೆ, ಕರಗುವಾಗ ಏನನಿಸುತ್ತದೆ, ಯಾವ ಧರ್ಮದವರಾದರೂ ಸರಿ, ಬರೆದಿಡಿ. ನನ್ನ ಕಾಗದ ನಿಮಗೆ ತಲುಪುವುದು ಕಷ್ಟ, ಅದು ಏರುದಾರಿ. ನಿಮ್ಮದು ನನಗೆ ಸಲೀಸಾಗಿ ಬರುತ್ತದೆ, ಕಾಲವೇ ಹೊತ್ತು ತರುತ್ತದೆ. ಆದರೆ ಇನ್ನೂರು ವರ್ಷ ಇದೆಯಲ್ಲ ಎಂದು ಕೂರಬೇಡಿ, ದಯವಿಟ್ಟು. ನನಗಿರುವುದು ಒಂದೇ ತಿಂಗಳು.

ಶಾಲೋಮ್,
ತಿರ್ಜಾ