ಹಿಂಬಾಗಿಲ ಆಪ್ಪ

ಏತ್ತುಕಾಲ, ನೆಗೊಂಬೊ
ಫೆಬ್ರವರಿ 25, ಗುರುವಾರ

ಪ್ರೀತಿಯ ಜ್ಯೂಡ್,

ನಿಮ್ಮ ಮೊಣಕಾಲು ಹೇಗಿದೆ? ಹಗಲೆಲ್ಲ ಒಲೆಯ ಮುಂದೆ ನಿಲ್ಲುವವರು ಸಂಜೆಗಾದರೂ ಕಾಲು ಮೇಲಿಟ್ಟು ಕೂರಿ. ಹೋದ ಸಲದ ಎಣ್ಣೆ ಮುಗಿದಿರುತ್ತದೆ ಎಂದು ಇನ್ನೊಂದು ಸೀಸೆ ಕಟ್ಟಿದ್ದೇನೆ. ಕ್ಯಾಮಿಲಸ್ ರಜೆ ಮುಗಿಸಿ ಮಾಲ್ಡೀವ್ಸಿಗೆ ವಾಪಸು ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದವೂ ಬರುತ್ತದೆ. ನಿಮ್ಮ ಅಮ್ಮ ಒಣಮೀನು ಕಟ್ಟಿದ್ದಾರೆ. ನಿಮ್ಮ ರೆಸಾರ್ಟಿನ ಸಾಹೇಬರ ಮೂಗಿಗೆ ವಾಸನೆ ಬಡಿದರೆ ಬಡಿಯಲಿ. ದಿಲ್ಕಿ ಚೆನ್ನಾಗಿ ಓದುತ್ತಿದ್ದಾಳೆ, ಚೆನ್ನಾಗಿ ಎದುರುತ್ತರವನ್ನೂ ಕೊಡುತ್ತಿದ್ದಾಳೆ. ಎರಡನೆಯದು ನನ್ನ ಕಡೆಯಿಂದ ಬಂದಿದ್ದು ಎಂದು ನೀವು ಹೇಳುತ್ತೀರಿ. ಇರಲಿ.

ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾಳೆ ಎಂದು ಆಶ್ಚರ್ಯಪಡಬೇಡಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಭಾನುವಾರ ನಾನು ಬಾಯಿ ತೆರೆಯುವ ಮೊದಲೇ, "ಗ್ರೇಷಿಯನ್ ಮಹತ್ತಯಾ ಎಲ್ಲಾ ಹೇಳಿದ್ದಾರೆ, ನೀನು ಹೋಗಿ ಸಾರಿ ಕೇಳಿ ಬಾ, ಅಷ್ಟೇ" ಎಂದು ಇಟ್ಟುಬಿಟ್ಟಿರಿ. ಹೋಟೆಲಿನ ಧಣಿ ಹೇಳಿದ್ದನ್ನು ಪೂರ್ತಿ ಕೇಳಿದ್ದೀರಿ. ಈಗ ಹೆಂಡತಿ ಹೇಳುವುದನ್ನೂ ಪೂರ್ತಿ ಓದಿ. ಕಾಗದವನ್ನು ಮಧ್ಯದಲ್ಲಿ ಇಟ್ಟುಬಿಡಲು ಅದರಲ್ಲಿ ಗುಂಡಿ ಇಲ್ಲ.

ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಅಮ್ಮನಿಗೆ ಎಪ್ಪತ್ತೈದು ತುಂಬಿತು. ಏನು ಬೇಕಮ್ಮಾ ಎಂದು ಕೇಳಿದೆ. ಸೀರೆ ಎನ್ನುತ್ತಾರೆ, ಇಲ್ಲವೇ ಮಡು ಊರಿನ ಮಾತೆಯ ಇಗರ್ಜಿಗೆ ಯಾತ್ರೆ ಹೋಗೋಣ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ನಾಚಿಕೊಂಡು, "ಬಿಳಿ ಬಟ್ಟೆ ಹಾಸಿರೋ ಮೇಜಲ್ಲಿ ಒಂದ್ಸಲ ಕೂರ್ಬೇಕು ಕಣೇ. ಬೇರೆಯೋರು ಬಡಿಸ್ಬೇಕು, ನಾನು ಏಳ್ಬಾರ್ದು" ಎಂದರು. ಜೀವಮಾನವೆಲ್ಲ ಊರಿಗೆ ಬಡಿಸಿದ ಕೈ. ಎಲ್ಲಿ ಎಂದರೆ, ಗ್ರೇಷಿಯನ್ ಅವರ ಹೊಸ ಹೋಟೆಲಿನಲ್ಲೇ ಆಗಬೇಕು. ಯಾಕೆಂದು ನಿಮಗೆ ಗೊತ್ತು: ಅಮ್ಮನ ಅಪ್ಪ ದೋಣಿ ಎಳೆದು ನಿಲ್ಲಿಸುತ್ತಿದ್ದ ಜಾಗ ಅದು. ಈಗ ಅಲ್ಲಿ ಒಣಹುಲ್ಲಿನ ಛತ್ರಿಗಳು, ದೀಪಗಳು.

ಪೂಜೆ ಮುಗಿಸಿ ನೇರವಾಗಿ ಹೋದೆವು, ಅಮ್ಮ, ನಾನು, ದಿಲ್ಕಿ. ಅಮ್ಮ ಕಸೂತಿ ಅಂಚಿನ ಬಿಳಿ ಕುಪ್ಪಸ ಹಾಕಿದ್ದರು, ನಮ್ಮ ಮದುವೆಗೆ ಹೊಲಿಸಿದ್ದು. ಮೇಜುಗಳು ಅರ್ಧಕ್ಕರ್ಧ ಖಾಲಿ. ಹೊಸ ಮ್ಯಾನೇಜರ್ ಸಂಪತ್, ಕೊಲಂಬೊದಿಂದ ಬಂದ ಹುಡುಗ, ಮೆಟ್ಟಿಲಿನಲ್ಲೇ ಅಡ್ಡ ನಿಂತ. "ಇದು ಫಾರಿನರ್ಸ್‌ಗೆ ಮಾತ್ರ ಅಕ್ಕಾ" ಎಂದು ಅಲ್ಲಿ ನೆಟ್ಟಿದ್ದ ಇಂಗ್ಲಿಷ್ ಫಲಕ ತೋರಿಸಿದ. ಅಮ್ಮನಿಗೆ ಅರ್ಥವಾಗಲಿಲ್ಲ. ಮೇಜುಗಳನ್ನು ಯಾರಿಗೋ ಕಾದಿರಿಸಿದ್ದಾರೆ ಅಂದುಕೊಂಡರು. "ಪರವಾಗಿಲ್ಲ ಮಗನೇ, ಕಾಯ್ತೀವಿ" ಎಂದು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಕೂತೇಬಿಟ್ಟರು, ಸೆರಗು ಸರಿಮಾಡಿಕೊಂಡು. ಜ್ಯೂಡ್, ನನಗೆ ಸಿಟ್ಟು ಬಂದಿದ್ದು ಅವನ ಮಾತಿಗಲ್ಲ. ಅಮ್ಮ ಅಷ್ಟು ಸಂತೋಷದಿಂದ ಕಾಯಲು ಕೂತರಲ್ಲ, ಅದನ್ನು ನೋಡಿ.

ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೇ ಕೇಳಿದೆ, ದೇವರಾಣೆ ಮೆಲ್ಲಗೇ. ಅವನಂದ, "ನಮ್ಮೋರು ಒಂದು ಟೀ ತಗೊಂಡು ಮಧ್ಯಾಹ್ನವೆಲ್ಲ ಕೂರ್ತಾರೆ, ಜೋರಾಗಿ ಮಾತಾಡ್ತಾರೆ, ಈಜೋ ಹೆಂಗಸರನ್ನ ದಿಟ್ಟಿಸ್ತಾರೆ. ಗಿರಾಕಿಗಳಿಗೆ ಹಿಡಿಸಲ್ಲ." ನಾನಂದೆ, "ತಮ್ಮಾ, ಬೆಳಗ್ಗೆ ನಿನ್ನ ಗಿರಾಕಿಗಳು ತಿಂದ ಆಪ್ಪ ನಾನು ಹೊಯ್ದಿದ್ದು. ಅದು ಹಿಡಿಸ್ತಲ್ಲ?" ಅವನು ನಕ್ಕ. "ಆಪ್ಪ ಹಿಂದಿನ ಬಾಗಿಲಲ್ಲಿ ಬರುತ್ತೆ ಅಕ್ಕಾ. ನೀವೂ ಅಲ್ಲಿಗೇ ಬನ್ನಿ, ಅಜ್ಜಿಗೆ ಏನಾದ್ರೂ ಪಾರ್ಸಲ್ ಕಟ್ಟಿಸಿಕೊಡ್ತೀನಿ." ಆಮೇಲೆ ನಾನು ಮೆಲ್ಲಗೆ ಮಾತಾಡಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ಗ್ರೇಷಿಯನ್ ಹೇಳಿದಂತೆ ಬೈದಿಲ್ಲ, ಆದರೆ ಬೀದಿಯ ಆಚೆಯ ಟುಕ್‌ಟುಕ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ಅಮ್ಮನಿಗೆ ಆಗ ಅರ್ಥವಾಯಿತು. ಅಳುತ್ತಾರೆ ಅಂದುಕೊಂಡೆ. ಎದ್ದರು, ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡರು, ಮೆಟ್ಟಿಲು ಬಿಟ್ಟು ಬಳಸಿಕೊಂಡು ಹೋಗಿ ಮೇಜುಗಳ ಎದುರಿಗೇ, ಛತ್ರಿಗಳಿಂದ ಹತ್ತು ಮಾರು ಆಚೆ, ಮರಳಿನಲ್ಲಿ ಕಾಲು ಚಾಚಿ ಕೂತರು. ಸಂಪತ್ ಓಡಿ ಬಂದ. ಅಮ್ಮ ತಲೆಯೆತ್ತಿ, "ಯಾಕೆ, ಮರಳಿಗೂ ಪಾಸ್‌ಪೋರ್ಟ್ ಬೇಕೇನೋ?" ಎಂದರು. ದಿಲ್ಕಿ ಮನೆಗೆ ಓಡಿ ಅನ್ನದ ಪಾತ್ರೆ, ಹಿಂದಿನ ದಿನದ ಹುಳಿಮೀನು, ಕಾಯಿ ಸಂಬಲ್ ಎಲ್ಲ ಹೊತ್ತು ತಂದಳು, ಹಾಸಲು ನಮ್ಮ ಮಂಚದ ಬಿಳಿ ಹೊದಿಕೆಯನ್ನೂ. ನಾನು ಬಡಿಸಿದೆ, ಅಮ್ಮ ಏಳಲಿಲ್ಲ. ಟುಕ್‌ಟುಕ್ ಸ್ಟ್ಯಾಂಡಿನವರು ನಾಲ್ವರು ಬಂದು ಜೊತೆಗೆ ಕೂತರು. ಛತ್ರಿ ಕೆಳಗಿನ ಬಿಳಿಯರು ಇದ್ಯಾವುದೋ ನಮ್ಮ ಹಬ್ಬ ಎಂದುಕೊಂಡು ಫೋಟೋ ಹೊಡೆದುಕೊಂಡರು. ಅಮ್ಮ ಅವರಿಗೆ ಕೈಬೀಸಿದರು ಕೂಡ.

ಮಾರನೆಯ ಬೆಳಗ್ಗೆ ಹೋಟೆಲಿಗೆ ಆಪ್ಪ ಕಳಿಸಲಿಲ್ಲ. ಹಿಟ್ಟು ಹುದುಗಿ ಉಬ್ಬಿ ನಿಂತಿತ್ತು, ಚೆಲ್ಲುವುದು ಪಾಪ. ಬೀದಿ ಬದಿಗೆ ಒಲೆ ಹೊರತಂದು ಮೀನುಪೇಟೆಗೆ ಹೋಗುವ ಹೆಂಗಸರಿಗೆ ಬಿಸಿಬಿಸಿಯಾಗಿ ಹೊಯ್ದು ಕೊಟ್ಟೆ. ಹೋಟೆಲಿನಲ್ಲಿ ಗಿರಾಕಿಗಳು ನಿನ್ನೆಯ ಆ ಬಟ್ಟಲಿನಂಥ ತಿಂಡಿ ಎಲ್ಲಿ ಎಂದು ಕೇಳಿದರಂತೆ. ಬ್ರೆಡ್ಡು ಕೊಟ್ಟರಂತೆ. ಮೂರನೆಯ ದಿನ ಗ್ರೇಷಿಯನ್ ಮಹತ್ತಯಾ ತಾವೇ ಬಂದರು. ನಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು. "ಇಮೆಲ್ಡಾ, ವ್ಯಾಪಾರ ಬೇರೆ, ಮಾನ ಬೇರೆ" ಎಂದರು. "ನಮಗೆ ಎರಡಕ್ಕೂ ಇರೋದು ಒಂದೇ ಮನೆ ಮಹತ್ತಯಾ, ಬೇರೆ ಬೇರೆ ಇಡೋಕೆ ಜಾಗ ಇಲ್ಲ" ಎಂದೆ. ಕೆಲಸದವರ ಮುಂದೆ ಸಂಪತ್‌ನ ಹತ್ತಿರ ಕ್ಷಮೆ ಕೇಳಿದರೆ ಎಲ್ಲ ಮೊದಲಿನಂತೆ ನಡೆಯುತ್ತದಂತೆ. ಇಲ್ಲದಿದ್ದರೆ? ಆಗ ನಿಮ್ಮ ಹೆಸರು ಬಂತು. "ಜ್ಯೂಡ್‌ನ ಅಲ್ಲಿ ಸೇರಿಸಿದ್ದು ಯಾರು ಅಂತ ಮರೀಬೇಡ. ಆ ರೆಸಾರ್ಟಿನೋರು ನನ್ನ ಮಾತು ತೆಗೆದುಹಾಕಲ್ಲ." ನಗುನಗುತ್ತಲೇ ಹೇಳಿದರು.

ನಾನೂ ನಗುತ್ತಲೇ ಹೇಳಿದೆ: ಬರ್ತೀನಿ ಮಹತ್ತಯಾ, ಸಾರಿ ಕೇಳ್ತೀನಿ. ಅಮ್ಮನ ಜೊತೆ ಮುಂದಿನ ಮೇಜಲ್ಲಿ ಕೂತು, ಊಟ ಮಾಡ್ಕೊಂಡು ಕೇಳ್ತೀನಿ. ಅವರ ನಗು ನಿಂತಿತು. ಅಷ್ಟರಲ್ಲಿ ಅಮ್ಮ ಒಳಗಿನಿಂದ ತಟ್ಟೆಯಲ್ಲಿ ಎರಡು ಮೊಟ್ಟೆ ಆಪ್ಪ, ಮೇಲೆ ಮೆಣಸಿನ ಚಟ್ನಿ ಹಾಕಿ ತಂದು ಅವರ ಕೈಗೆ ಕೊಟ್ಟರು. "ತಿನ್ನು ಗ್ರೇಷಿಯನ್. ಚಿಕ್ಕೋನಿದ್ದಾಗ ಮೂಗು ಸುರಿಸ್ಕೊಂಡು ನಮ್ಮನೆಗೆ ತಿನ್ನೋಕೆ ಬರ್ತಿದ್ದೆ. ಆಗ್ಲೂ ಮುಂದಿನ ಬಾಗಿಲಿಂದ್ಲೇ ಬರ್ತಿದ್ದೆ." ತಿಂದರು ಕಣ್ರೀ! ಎರಡನ್ನೂ ತಿಂದು ಕಾರು ಹತ್ತಿದರು. ಫಲಕ ಮಾತ್ರ ಇನ್ನೂ ಅಲ್ಲೇ ಇದೆ. ಆಪ್ಪ ತಿಂದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ.

ಮುಂದಿನದನ್ನೂ ಮುಚ್ಚಿಡುವುದಿಲ್ಲ. ಅವರ ಮಾತಿಗೆ ಕಟ್ಟುಬಿದ್ದು ಇನ್ನೆರಡು ಗೆಸ್ಟ್‌ಹೌಸಿನವರೂ ನನ್ನ ಆಪ್ಪ ನಿಲ್ಲಿಸಿದ್ದಾರೆ. ಮನೆ ಬಿಗಿಯಲ್ಲಿ ನಡೆಯುತ್ತಿದೆ. ಪಾದ್ರಿಗಳು ತಪಸ್ಸುಕಾಲ, ತಾಳ್ಮೆ ಎಂದರು. ಸ್ವಾಮಿ, ನಾನು ಮಾಂಸ ಬಿಟ್ಟಿದ್ದೇನೆ, ಬೆನ್ನುಮೂಳೆ ಬಿಡಲು ಹೇಳಬೇಡಿ ಎಂದೆ. ಇದನ್ನು ಓದಿ ನೀವು ತಲೆ ಚಚ್ಚಿಕೊಳ್ಳುತ್ತಿದ್ದೀರಿ ಎಂದು ಇಲ್ಲಿಂದಲೇ ಕಾಣುತ್ತಿದೆ.

ಆದರೆ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಹೋದ ವರ್ಷ ರಜೆಗೆ ಬಂದಾಗ, ನಿಮ್ಮ ದ್ವೀಪದಲ್ಲಿ ಅಡುಗೆಯವರು ಗಿರಾಕಿಗಳ ಕಡೆಯ ನೀರಿಗೆ ಇಳಿಯುವಂತಿಲ್ಲ, ಜನರೇಟರಿನ ಹಿಂದೆ ಒಂದು ತುಂಡು ದಂಡೆ ನಮ್ಮದು ಎಂದು ನಗುತ್ತಾ ಹೇಳಿದಿರಿ. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಸಮುದ್ರದಲ್ಲೇ ಹುಟ್ಟಿದ ಮೀನುಗಾರರ ಮಗ ನೀವು. ಪರದೇಶ, ಹೊಟ್ಟೆಪಾಡು ಎಂದು ಅದನ್ನು ನುಂಗಿಕೊಂಡೆವು. ಅದೇ ಗೆರೆಯನ್ನು ನಮ್ಮ ಅಮ್ಮನ ಮುಂದೆ, ನಮ್ಮೂರಿನ ದಂಡೆಯಲ್ಲಿ ಎಳೆದರೆ ನಾನು ದಾಟುತ್ತೇನೆ. ನಾನು ಸಾರಿ ಕೇಳುವುದಿಲ್ಲ. ನೀವು ಹೇಳಿದರೂ ಇಲ್ಲ. ಮದುವೆಯಾದಾಗಿನಿಂದ ನಿಮ್ಮ ಮಾತು ಮೀರಿದ್ದು ಕಡಿಮೆ, ಇದೊಂದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವೇಳೆಗೆ ಸರಿಯಾಗಿ ಉಣ್ಣಿ. ಮಲಗುವಾಗ ಮೊಣಕಾಲಿಗೆ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ. ಅಮ್ಮ ನಿಮ್ಮ ತಲೆ ಮೇಲೆ ಶಿಲುಬೆ ಗುರುತು ಹಾಕಿದ್ದಾರೆ, ಗಾಳಿಯಲ್ಲೇ. ದಿಲ್ಕಿಯ ಮುತ್ತು. ಸಂತ ಅಂತೋಣಿ ನಿಮ್ಮನ್ನು ಕಾಯಲಿ, ನನ್ನ ಬಾಯಿಂದಲೂ ಕಾಯಲಿ.

ನಿಮ್ಮ,
ಇಮೆಲ್ಡಾ

ತಾ.ಕ.: ಕ್ಯಾಮಿಲಸ್ ಗೇಟಿನಲ್ಲಿ ಕೂಗುತ್ತಿದ್ದಾನೆ. ಹೇಳಬೇಕಾದ್ದೇ ಉಳಿಯಿತು. ಬೀದಿ ಕಡೆಯ ಗೋಡೆ ಒಡೆಸಿದ್ದೇನೆ. ಬೆಚ್ಚಬೇಡಿ, ಮೊದಲ ಏಟು ಹಾಕಿದ್ದು ನಿಮ್ಮ ಅಮ್ಮನೇ. ನಮ್ಮ ಮಂಚ ಹಿಂದಿನ ಕೋಣೆಗೆ ಹೋಯಿತು. ಆ ಜಾಗಕ್ಕೆ ನಾಲ್ಕು ಮೇಜು ಬರುತ್ತವೆ, ಈಸ್ಟರ್ ದಿನ ತೆರೆಯುತ್ತೇನೆ, ಯಾರು ಬೇಕಾದರೂ ಕೂರಬಹುದು, ಸಂಪತ್ ಕೂಡ. ಬೆಳಗಿನ ಆಪ್ಪ ನಾನು ನೋಡಿಕೊಳ್ಳುತ್ತೇನೆ. ಮಧ್ಯಾಹ್ನದ ಊಟಕ್ಕೆ ನಿಮ್ಮಂಥ ಅಡುಗೆಯವರು ಇಡೀ ಏತ್ತುಕಾಲದಲ್ಲಿ ಇಲ್ಲ. ಅವರು ನಿಮ್ಮನ್ನು ತೆಗೆಯುವವರೆಗೆ ಕಾಯಬೇಡಿ ಜ್ಯೂಡ್, ನೀವೇ ಬಿಟ್ಟು ಬನ್ನಿ. ಬಂದರೆ ದೊಡ್ಡ ಒಲೆ ನಿಮ್ಮದು. ಬರದಿದ್ದರೂ ಈಸ್ಟರಿಗೆ ನಾನು ತೆರೆಯುತ್ತೇನೆ.