ತನ್ನಷ್ಟಕ್ಕೆ ತೆರೆಯುವ ಮುಚ್ಚಳ

ಬಿಜೈ, ಮಂಗಳೂರು
18 ಜೂನ್ 2025

ಪ್ರೀತಿಯ ಒಲಿಂಡಾ ಆಂಟಿ,

ನಿಮ್ಮ ಮೊಣಕಾಲು ಈಗ ಹೇಗಿದೆ? ಕಾನ್ವೆಂಟಿನ ಮೆಟ್ಟಿಲು ಹತ್ತಲು ಆಗುತ್ತಿದೆಯೇ? ಈಸ್ಟರಿಗೆ ನೀವು ಬರೆದ ಪತ್ರಕ್ಕೆ ಇಷ್ಟು ದಿನ ಉತ್ತರಿಸದೆ ಇದ್ದೆ. ಕನ್ನಡ ಎಂ.ಎ. ಮಾಡಿದವಳಿಗೆ ನಾಲ್ಕು ಸಾಲು ಬರೆಯಲು ಸೋಮಾರಿತನವೇ ಎಂದು ಬೈದುಕೊಂಡಿರುತ್ತೀರಿ. ಸೋಮಾರಿತನವಲ್ಲ. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯಲ್ಲಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳುತ್ತದೆ.

ಮೊದಲು ಮಮ್ಮಿ ಎಲ್ಲರಿಗೂ ಹೇಳುತ್ತಿರುವ ಸುದ್ದಿ. ಲಯನೆಲ್ ಅಂಕಲ್‌ರ ಬೇಕರಿಯ ಬ್ರೆಡ್ಡು, ಬನ್ನುಗಳನ್ನು ಪಪ್ಪ ಅಂಗಡಿಗಳಿಗೆ ಹಾಕುವ ಪಿಕಪ್ ಇದೆಯಲ್ಲ, ಅದಕ್ಕೆ ಪಪ್ಪನೇ ಒಂದು ಮುಚ್ಚಳ ಮಾಡಿದ್ದಾರೆ. ರಿಮೋಟ್ ಒತ್ತಿದರೆ ಏಳುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಟರ್ಪಾಲು, ಹಗ್ಗ ಯಾವುದೂ ಬೇಡ.

ಬಂದರಿನ ಅಬ್ದುಲ್ ರಹ್ಮಾನ್ ಅವರ ಗುಜರಿ ಅಂಗಡಿಯಿಂದ ಎರಡು ಮೋಟಾರ್ ತಂದರು. ಹಿಂದೆ ದೊಡ್ಡ ಡಿಶ್ ಆಂಟೆನಾಗಳನ್ನು ಆಚೀಚೆ ತಿರುಗಿಸುತ್ತಿದ್ದವಂತೆ. ಒಂದು ಕೊಳವೆ, ಅದರೊಳಗಿಂದ ಚಾಚುವ ಕಬ್ಬಿಣದ ದಂಡ. ಚೌಕ ಪೈಪಿನ ಫ್ರೇಮಿಗೆ ಅಲ್ಯೂಮಿನಿಯಂ ಶೀಟು ಹೊಡೆದು, ಎರಡು ಬದಿಗೂ ಒಂದೊಂದು ಮೋಟಾರ್ ಕೂರಿಸಿದರು. ಮೊದಲ ಸಲ ಒಂದು ಬದಿ ಮುಂಚೆ ಎದ್ದು ಮುಚ್ಚಳ ಸೊಟ್ಟಗೆ ಸಿಕ್ಕಿಕೊಂಡಿತು. ನಡುವೆ ಅಡ್ಡ ಪೈಪು ಬೆಸುಗೆ ಹಾಕಿಸಿದ ಮೇಲೆ ಸರಿಯಾಯಿತು. ಗಾಡಿಯ ಬ್ಯಾಟರಿಯ ಶಕ್ತಿ ಸಾಲದೆ ಆ ಮೋಟಾರುಗಳು ಬಹಳ ನಿಧಾನ. ಪೂರ್ತಿ ಏಳುವಷ್ಟರಲ್ಲಿ ಐದು ನಮಾನ್ ಮರಿಯೆ ಜಪ ಹೇಳಿ ಮುಗಿಸಬಹುದು. ಎಣಿಸಿ ನೋಡಿದ್ದೇನೆ.

ಕಳೆದ ಭಾನುವಾರ ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲಿ ಫಾದರ್ ರೂಬನ್ ಪಿಕಪ್ಪನ್ನು ಆಶೀರ್ವದಿಸಿದರು. ಪಪ್ಪ ರಿಮೋಟ್ ಒತ್ತಿದಾಗ ಜನ ಸುತ್ತ ಸೇರಿದರು.

"ಎಂತ ಮಾರಾಯ ಝೇವಿಯರ್, ಇದು ಬ್ರೆಡ್ಡಿನ ಗಾಡಿಯಾ, ರಾಕೆಟ್ ಬಿಡುದಾ?" ಎಂದರು ಲಯನೆಲ್ ಅಂಕಲ್.

"ಬೇಗ ತೆಗಿ ಮಾರಾಯ, ಇದು ಏಳುವಷ್ಟರಲ್ಲಿ ನಿನ್ನ ಬನ್ನು ರಸ್ಕ್ ಆಗ್ತದೆ" ಎಂದು ಫಾದರ್ ಹೇಳಿದಾಗ ಮಮ್ಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನು ಪಪ್ಪನನ್ನು ನೋಡುತ್ತಿದ್ದೆ. ಫಾದರ್ ತೀರ್ಥ ಚಿಮುಕಿಸಿದಾಗ ಎಲ್ಲರೂ ಶಿಲುಬೆಯ ಗುರುತು ಮಾಡಿದರು. ಪಪ್ಪ ಮಾಡಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ತಲೆ ತಗ್ಗಿಸಿ ನಿಂತರು. ನೋಡಿದವರಿಗೆ ಭಕ್ತಿ. ಬಲಗೈ ಏಳುತ್ತಿರಲಿಲ್ಲ, ಆಂಟಿ.

ಇದು ಫೆಬ್ರವರಿಯಿಂದ ಇದೆ. ಆಗ ಪಪ್ಪ ಟರ್ಪಾಲಿನ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕುವುದನ್ನು ಕಿಟಕಿಯಿಂದ ಕಂಡೆ. ಆಮೇಲೆ ಚಹಾದ ಲೋಟ ಎಡಗೈಗೆ ಹೋಯಿತು. ಮಾರ್ಚಿನಲ್ಲಿ ಮುಚ್ಚಳದ ಯೋಚನೆ ಹೊರಟಿತು. ಮಳೆಗೆ ಬ್ರೆಡ್ಡು ನೆನೆಯುತ್ತದೆ ಎಂದರು, ಎಲ್ಲರೂ ನಂಬಿದರು. ಒಂದು ದಿನ ಮೋಟಾರಿನ ನಟ್ಟು ಬಿಗಿ ಮಾಡುವಾಗ ಅವರ ಕೈಯಿಂದ ಸ್ಪ್ಯಾನರ್ ಮೂರು ಸಲ ಬಿತ್ತು. ಮೂರನೆಯ ಸಲ ಅದನ್ನು ಹೆಕ್ಕಿ ನಾನೇ ಬಿಗಿ ಮಾಡಿದೆ. ಪಪ್ಪ ಎಡಗೈಯಿಂದ ಬಲಗೈಯನ್ನು ತಿಕ್ಕಿಕೊಂಡರು.

"ಕೆಲವೊಮ್ಮೆ ಹತ್ತು ನಿಮಿಷ ಕೈ ನನ್ನದಲ್ಲದ ಹಾಗೆ ಆಗ್ತದೆ. ಮತ್ತೆ ಸರಿಯಾಗ್ತದೆ. ಮಮ್ಮಿಗೆ ಹೇಳ್ಬೇಡ" ಎಂದರು.

"ಡಾಕ್ಟರಿಗೆ ತೋರಿಸುವ, ಪಪ್ಪಾ."

"ತೋರಿಸಿದ್ರೆ ಗಾಡಿ ಬಿಡ್ಬೇಡ ಅಂತಾರೆ. ಮತ್ತೆ ಎಂತ ಮಾಡುದು, ನಿನ್ನ ಪುಸ್ತಕ ಓದುದಾ?" ಎಂದು ನಕ್ಕರು. ನಾನೂ ನಕ್ಕೆ. ಹೆದರಿದಾಗ ನನಗೆ ನಗು ಬರುತ್ತದೆ, ನಿಮಗೆ ಗೊತ್ತಲ್ಲ.

ಮುಚ್ಚಳ ಎತ್ತಲು ಮೋಟಾರ್ ಉಂಟು. ಸ್ಟಿಯರಿಂಗ್ ಹಿಡಿಯಲು ಆ ಕೈಯೇ ಬೇಕು. ಬೆಳಿಗ್ಗೆ ಐದಕ್ಕೆ ಪಿಕಪ್ ಗೇಟು ದಾಟಿದರೆ ಒಂಬತ್ತಕ್ಕೆ ವಾಪಸ್ ಬರುವ ತನಕ ಒಂದು ಪುಟವೂ ನನ್ನ ತಲೆಗೆ ಹೋಗುವುದಿಲ್ಲ. ಆಂಬುಲೆನ್ಸಿನ ಸದ್ದು ಕೇಳಿದರೆ ಅದು ಯಾವ ಕಡೆಗೆ ಹೋಯಿತು ಎಂದು ಅಂಗಳಕ್ಕೆ ಇಳಿದು ಕಿವಿಗೊಡುತ್ತೇನೆ. ಮಮ್ಮಿ, "ಎಂತ ಮಗಾ, ಯಾರಾದ್ರೂ ಬರ್ಲಿಕ್ಕೆ ಉಂಟಾ?" ಎನ್ನುತ್ತಾರೆ.

ಈಗ ಲಯನೆಲ್ ಅಂಕಲ್ ಆ ಮುಚ್ಚಳ ನೋಡಿ ಖುಷಿಯಾಗಿ, ಸುರತ್ಕಲ್ಲಿನ ಹಾಸ್ಟೆಲುಗಳ ಬ್ರೆಡ್ಡನ್ನೂ ಪಪ್ಪನಿಗೇ ಒಪ್ಪಿಸಿದ್ದಾರೆ. ಜುಲೈ ಒಂದರಿಂದ. ಇಷ್ಟು ದಿನ ಪೇಟೆಯೊಳಗಿನ ಅಂಗಡಿಗಳಷ್ಟೇ ಇದ್ದವು; ಇನ್ನು ದಿನಾ ಹೆದ್ದಾರಿ, ಲಾರಿ, ಟ್ಯಾಂಕರುಗಳ ನಡುವೆ. ಪಪ್ಪ ಸಣ್ಣ ಹುಡುಗನ ಹಾಗೆ ಕುಣಿಯುತ್ತಿದ್ದಾರೆ.

ಅಕ್ಕ ಹೇಳಿದರೆ ಮಾತ್ರ ಝೇವಿಯರ್ ಕೇಳುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದರಲ್ಲ. ಜುಲೈಗೆ ಮೊದಲು ಒಮ್ಮೆ ಬನ್ನಿ ಆಂಟಿ. ಮೊಣಕಾಲಿನ ಡಾಕ್ಟರಿಗೆ ತೋರಿಸಬೇಕು, ಜೊತೆಗೆ ಬಾ ಎಂದು ಅವರನ್ನು ಕರೆದುಕೊಂಡು ಹೋಗಿ. ನಾನು ಹೇಳಿದೆನೆಂದು ಗೊತ್ತಾದರೂ ಪರವಾಗಿಲ್ಲ. ಪಪ್ಪ ನನ್ನ ಜೊತೆ ಮಾತು ಬಿಟ್ಟರೂ ಪರವಾಗಿಲ್ಲ, ಮನೆಯಲ್ಲಿ ಕೂತು ಮಾತು ಬಿಡಲಿ.

ನಿಮ್ಮ ಸಂಜೆಯ ಜಪಸರದಲ್ಲಿ ನಮ್ಮ ಮೂವರನ್ನೂ ನೆನೆಯಿರಿ. ನನ್ನ ತಲೆಯ ಮೇಲೆ ಅಲ್ಲಿಂದಲೇ ಒಮ್ಮೆ ಕೈ ಇಡಿ.

ನಿಮ್ಮ
ಏವ್ರಿಲ್

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಮೇ ತಿಂಗಳಲ್ಲಿ ಕೊಟ್ಟಾರದ ಹತ್ತಿರ ನಾನು ಪಪ್ಪನ ಪಕ್ಕದಲ್ಲಿ ಕೂತಿದ್ದೆ. ಅವರ ಬಲಗೈ ಸ್ಟಿಯರಿಂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಗಾಡಿ ಎಡಕ್ಕೆ ಎಳೆದು, ಬದಿಯಲ್ಲಿ ನಿಂತಿದ್ದ ಹೆಂಗಸೊಬ್ಬರಿಗೆ ಕನ್ನಡಿ ತಾಗಿತು. ಅವರು ಬಿದ್ದರು, ಮಣಿಕಟ್ಟು ಮುರಿಯಿತು. ಜನ ಸೇರಿದರು. ಪಪ್ಪ ಬಾಯಿ ತೆರೆಯುವ ಮೊದಲೇ, ನಾಲ್ಕು ಜನರ ಮುಂದೆ ಮಾತೇ ಹೊರಡದ ನಾನು, "ನಾಯಿ ಅಡ್ಡ ಬಂತು" ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರೂ ನಂಬಿದರು. ಪಪ್ಪ ನನ್ನ ಮುಖ ನೋಡಿ ಸುಮ್ಮನಾದರು. ಅಂದೇ ನಾನು ನಿಜ ಹೇಳಿದ್ದರೆ ಅವರು ಈಗ ಗಾಡಿ ಓಡಿಸುತ್ತಿರಲಿಲ್ಲ.

ನಿನ್ನೆ ಬಿಜೈ ಮಾರ್ಕೆಟಿನಲ್ಲಿ ಆ ಹೆಂಗಸು ಸಿಕ್ಕಿದರು. ಹೆಸರು ಪಾತುಮ್ಮ. ಕೈಯಲ್ಲಿ ಇನ್ನೂ ಪ್ಲಾಸ್ಟರ್. ನನ್ನ ಗುರುತು ಹಿಡಿದು, ಹತ್ತಿರ ಬಂದು ಕೇಳಿದರು: "ಮಗಾ, ಅವತ್ತು ಆ ನಾಯಿಗೆ ಪೆಟ್ಟಾಗ್ಲಿಲ್ಲ ಅಲ್ವಾ? ಪಾಪ, ಅದನ್ನು ಕೇಳ್ಲಿಕ್ಕೇ ಮರ್ತುಹೋಯ್ತು ನನಗೆ."

"ಇಲ್ಲ, ಓಡಿ ಹೋಯ್ತು" ಎಂದೆ.